ಹಳ್ಳದ ಪೂಲಿನ ಲಾಭ-ಲುಕ್ಸಾನು

ಮಗಳನ್ನು ನಾವು ಬೇಸಿಗೆಯಲ್ಲಿ ನೋಡಿ ಕೊಟ್ಟೆವು. ಮುಂದಿನ ಫಜೀತಿಗೆಲ್ಲ ಅದೇ ಮೂಲ. ಬೇಸಿಗೆಯಲ್ಲಿ ನಮ್ಮ ಹಳ್ಳಕ್ಕೆ ಹಳ್ಳ ಅನ್ನುವ ಹೆಸರೇ ದೊಡ್ಡದು. ಎಮ್ಮೆ ಅಡ್ಡ ಮಲಗಿದರೆ ನೀರು ಅದರ ಹೊಟ್ಟೆಗೆ ತಾಗಿ, ಮುಂದೆ ಹೋಗಲೋ ಬೇಡವೋ ಎಂದು ನಿಂತು ವಿಚಾರ ಮಾಡುತ್ತಿತ್ತು. ಈಚೆ ದಂಡೆಗೆ ನಮ್ಮ ಕಬ್ಬು, ಕಬ್ಬಿನ ನಡುವೆ ನಮ್ಮ ತೋಟದ ಮನೆ. ಆಚೆ ದಂಡೆಗೆ ಬೀಗರ ದ್ರಾಕ್ಷಿ, ದ್ರಾಕ್ಷಿಯ ನಡುವೆ ಅವರ ತೋಟದ ಮನೆ. ನಮ್ಮ ಕೋಳಿ ಕೂಗಿದರೆ ಅವರು ಏಳುತ್ತಿದ್ದರು. ಅವರ ಮನೆಯಲ್ಲಿ ಮೆಣಸಿನಕಾಯಿ ಹುರಿದರೆ ನಾವು ಸೀನುತ್ತಿದ್ದೆವು. ಮಗಳನ್ನು ಇಷ್ಟು ಹತ್ತಿರ ಕೊಟ್ಟವರು ರಾಯಬಾಗ ತಾಲೂಕಿನಲ್ಲೇ ಯಾರೂ ಇಲ್ಲ ಎಂದು ನಾನು ಹಾರೂಗೇರಿ ಸಂತೆಯಲ್ಲಿ ಕಂಡ ಕಂಡವರಿಗೆ ಹೇಳಿಕೊಂಡು ತಿರುಗಿದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗಿನ್ನೂ ಐವತ್ತು ತುಂಬಿರಲಿಲ್ಲ. ಮಗಳು ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು, ದೀಪಾವಳಿಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ನನ್ನ ಮೊದಲ ಮೊಮ್ಮಗಳು. ನಾನು ಬಗ್ಗಿ ನೋಡಿದ ಕೂಡಲೇ ಅವಳು ನನ್ನ ಕಡೆ ನೋಡಿ ನಕ್ಕಳು. ಹುಟ್ಟಿದ ಕೂಸು ನಗುವುದಿಲ್ಲ, ಅದು ಹೊಟ್ಟೆಯ ವಾಯು ಎಂದು ನನ್ನ ಹೆಂಡತಿ ಹೇಳಿದಳು. ವಾಯು ಆದರೇನು, ನನ್ನ ಮುಖ ನೋಡಿದ ಮೇಲೇ ಬಂತಲ್ಲ! ಅವತ್ತು ನಾನು ಪೇಡೆ ಹಂಚಿದ ರೀತಿಗೆ ಹಾರೂಗೇರಿ ಬಸ್ಸಿನ ಕಂಡಕ್ಟರು ನನಗೆ ಚಿಲ್ಲರೆ ಕೊಡುವುದನ್ನೇ ಮರೆತ. ಅದನ್ನು ಕೇಳುವುದನ್ನು ನಾನೂ ಮರೆತೆ.

ಐದು ತಿಂಗಳು ಅವಳು ನಮ್ಮ ಮನೆಯಲ್ಲಿ ಬೆಳೆದಳು. ಅಷ್ಟರಲ್ಲಿ ನಾನು ಕಬ್ಬಿಗೆ ನೀರು ಬಿಟ್ಟು ಮರೆತೆ, ಎತ್ತಿಗೆ ಮೇವು ಹಾಕಿದ್ದನ್ನು ಮರೆತು ಮತ್ತೊಮ್ಮೆ ಹಾಕಿದೆ. ಆ ವರ್ಷ ಎತ್ತು ಮಾತ್ರ ಬಹಳ ಚಂದ ಇದ್ದವು. ಯುಗಾದಿಯ ಹೊತ್ತಿಗೆ ಪದ್ಧತಿಯ ಪ್ರಕಾರ ತೊಟ್ಟಿಲು, ಕುಂಚಿಗೆ, ಬೆಳ್ಳಿಯ ಕಡಗ ಎಲ್ಲ ಗಾಡಿಯಲ್ಲಿ ಹೇರಿ ತಾಯಿ-ಮಗುವನ್ನು ಗಂಡನ ಮನೆಗೆ ಕಳಿಸಿಕೊಟ್ಟೆವು. ಗಾಡಿ ಹಳ್ಳ ದಾಟುವಾಗ ಚಕ್ರಕ್ಕೆ ನೀರು ಹತ್ತಿತೋ ಇಲ್ಲವೋ. ನಾನು ಸಂಜೆಗೆ ಹೋದೆ. ಮರುದಿನ ಬೆಳಿಗ್ಗೆಯೂ ಹೋದೆ. ಮಧ್ಯಾಹ್ನ ಹೋದಾಗ ಬೀಗತಿ ಬಾಗಿಲಲ್ಲಿ ನಿಂತು, ಬೀಗರೇ, ನಿಮ್ಮ ಹಾಸಿಗೆಯನ್ನೂ ತೊಟ್ಟಿಲ ಜೊತೆಗೇ ಗಾಡಿಯಲ್ಲಿ ಹೇರಿಬಿಡಬೇಕಿತ್ತು ಎಂದರು.

ಬೀಗತಿ ಎಂದರೆ ನನ್ನ ಅಳಿಯನ ತಾಯಿ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬೈದುಕೊಂಡೇ ತಾಟಿನ ತುಂಬ ಬಡಿಸುವ ಹೆಂಗಸು. ಅವರ ದ್ರಾಕ್ಷಿ ಸಿಹಿ, ನಮ್ಮ ಕಬ್ಬು ಸಪ್ಪೆ ಎನ್ನುವುದು ಅವರು ನನಗೆ ದಿನಾ ಹೇಳುವ ಮಾತು. ನಾನೂ ಬಿಡುತ್ತಿರಲಿಲ್ಲ. ನಿಮ್ಮ ದ್ರಾಕ್ಷಿಗೆ ಔಷಧ ಹೊಡೆಯದಿದ್ದರೆ ನೊಣವೂ ಮೂಸುವುದಿಲ್ಲ ಎನ್ನುತ್ತಿದ್ದೆ. ಬೀಗರು ಎಂದ ಮೇಲೆ ಇಷ್ಟಾದರೂ ಆಡದಿದ್ದರೆ ಊರವರು ಏನೋ ಜಗಳ ಆಗಿದೆ ಎಂದುಕೊಳ್ಳುತ್ತಾರೆ.

ಮೃಗಶಿರ ಮಳೆ ಹಿಡಿಯಿತು. ಹಳ್ಳ ಬಂತು.

ನಮ್ಮ ಹಳ್ಳಕ್ಕೆ ಮಳೆಯ ನೀರೊಂದೇ ಅಲ್ಲ, ಕಾಲುವೆಯ ಹೆಚ್ಚಿನ ನೀರೂ ಬಂದು ಸೇರುತ್ತದೆ. ಕರಿ ಮಣ್ಣಿನ ದಂಡೆ ಬೆಣ್ಣೆಯ ಹಾಗೆ ಜಾರುತ್ತದೆ. ಬೀಗರ ಮನೆಗೆ ಹೋಗಬೇಕೆಂದರೆ ಈಗ ಹಾರೂಗೇರಿಯ ಬಸ್ಸು ಹತ್ತಿ, ಅಲ್ಲಿ ಇಳಿದು, ಬೇರೆ ಬಸ್ಸಿಗೆ ಕಾದು, ಅದು ಬಿಟ್ಟ ಕಡೆಯಿಂದ ಕೆಸರಲ್ಲಿ ನಡೆಯಬೇಕು. ಮುಂಜಾನೆ ಹೊರಟರೆ ಮಧ್ಯಾಹ್ನ ಅಲ್ಲಿ ಮುಟ್ಟುತ್ತಿದ್ದೆ. ನಾನು ಮುಟ್ಟುವ ಹೊತ್ತಿಗೆ ಮೊಮ್ಮಗಳು ಮಲಗಿರುತ್ತಿದ್ದಳು. ಅವಳು ಏಳುವ ಹೊತ್ತಿಗೆ ಕಡೆಯ ಬಸ್ಸಿಗೆ ನಾನು ಏಳಬೇಕು. ಮಲಗಿದ್ದರೂ ಚಂದವೇ, ಇಲ್ಲ ಎನ್ನುವುದಿಲ್ಲ. ಆದರೆ ಮಲಗಿದ ಕೂಸು ತನ್ನ ಮುತ್ಯಾನ, ಈ ಅಜ್ಜನ, ಗುರುತು ಹಿಡಿಯುವುದು ಹೇಗೆ?

ಆದ್ದರಿಂದ ದಂಡೆಯ ಮೇಲೆ ನಿಂತು ಭೇಟಿಯಾಗುವ ಪದ್ಧತಿ ಸುರು ಮಾಡಿದೆವು. ಸಂಜೆ ಹೊತ್ತಿಗೆ ಮಗಳು ಕೂಸನ್ನು ಎತ್ತಿಕೊಂಡು ಆಚೆ ದಂಡೆಗೆ ಬರುತ್ತಿದ್ದಳು, ಜೊತೆಗೆ ಕಾವಲಿಗೆ ಬೀಗತಿ. ಈಚೆ ದಂಡೆಯಲ್ಲಿ ನಾನು ತಲೆಯ ಪಟಗಾ ಬಿಚ್ಚಿ ಬೀಸುತ್ತಿದ್ದೆ, ಕಿವಿ ಹಿಡಿದು ಕುಣಿಯುತ್ತಿದ್ದೆ, ಎಮ್ಮೆಯ ಹಾಗೆ ಕೂಗುತ್ತಿದ್ದೆ. ನಮ್ಮ ಎಮ್ಮೆ ಹಿಂದಿನಿಂದ ಉತ್ತರ ಕೊಡುತ್ತಿತ್ತು. ನೀರಿನ ಸಪ್ಪಳಕ್ಕೆ ಆಚೆಯ ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ಕೂಸಿನ ಮುಖವೂ ಸ್ಪಷ್ಟ ಕಾಣುತ್ತಿರಲಿಲ್ಲ.

"ನಕ್ಕಳೇನ್ರಿ?" ಎಂದು ಕೂಗುತ್ತಿದ್ದೆ.

"ಇಲ್ರೀ, ಅತ್ತಳು," ಎಂದು ಬೀಗತಿ ಕೂಗುತ್ತಿದ್ದರು. "ಸುಮ್ಮ ನಿಂದ್ರರಿ, ಕೂಸು ಅಂಜತೈತಿ."

ಆ ಮಳೆಗಾಲವೆಲ್ಲ ನನ್ನ ಎದೆಯಲ್ಲಿ ಒಂದೇ ಹೆದರಿಕೆ. ಈ ಕೂಸು ನನ್ನನ್ನು ಹಳ್ಳದ ಆಚೆ ಕುಣಿಯುವ ಯಾವುದೋ ಪ್ರಾಣಿ ಎಂದು ತಿಳಿದೇ ದೊಡ್ಡವಳಾದರೆ? ಹಳ್ಳಕ್ಕೆ ಪೂಲು, ಅಂದರೆ ಸೇತುವೆ, ಆಗಲೇಬೇಕು ಎಂದು ನಾನು ಪಂಚಾಯಿತಿಗೆ ಎಡತಾಕತೊಡಗಿದೆ. ಊರವರಿಗೂ ಪೂಲು ಬೇಕಾಗಿತ್ತು. ಕಬ್ಬಿನ ಗಾಡಿ ಹಳ್ಳ ಹತ್ತಬೇಕೆಂದರೆ ಎರಡು ಜೋಡಿ ಎತ್ತು ಕಟ್ಟಬೇಕು, ಶಾಲೆಯ ಮಕ್ಕಳು ಪಾಟಿಚೀಲ ತಲೆಯ ಮೇಲೆ ಹೊತ್ತು ದಾಟಬೇಕು. ಶಾಲೆಯ ಮಾಸ್ತರರು ಅರ್ಜಿ ಬರೆದರು. ನನ್ನ ಮೊಮ್ಮಗಳ ವಿಷಯ ಮೊದಲು ಬರೆಯಿರಿ ಎಂದೆ. ಬರೆಯುತ್ತೇನೆ ಎಂದು ಕಬ್ಬಿನ ವಿಷಯ ಬರೆದರು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಆದರೂ ಸಾವಕಾಶ ಓದಿದರೆ ನನಗೂ ತಿಳಿಯುತ್ತದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ದಸರೆ ಮುಗಿದು ನೀರು ಮೊಣಕಾಲಿಗೆ ಇಳಿದ ಮೇಲೆ ಕಚೇರಿಯಿಂದ ಒಬ್ಬರು ಬಂದರು. ಮೈಸೂರು ಸೀಮೆಯವರು, ನಡುವಯಸ್ಸು, ಕೈಯಲ್ಲಿ ಕೊಡೆ, ಬಹಳ ಮರ್ಯಾದೆಯ ಮನುಷ್ಯ. ಈ ಹಳ್ಳವನ್ನು ಯಾರು ಯಾರು, ಯಾವ ಕೆಲಸಕ್ಕೆ ದಾಟುತ್ತಾರೆ ಎಂದು ಬರೆದುಕೊಂಡು ಹೋಗುವುದು ಅವರ ಕೆಲಸ. ದಾಟುವವರು ಬಹಳ ಇದ್ದರೆ ಪೂಲಿಗೆ ಲಾಭ, ಇಲ್ಲದಿದ್ದರೆ ಇಲ್ಲ. ಈಚೆ ದಂಡೆಯ ಬನ್ನಿ ಗಿಡದ ಕೆಳಗೆ ನಾವೇ ಕುರ್ಚಿ ಹಾಕಿ ಕೂಡಿಸಿದೆವು. ಮೊದಲ ಮನುಷ್ಯ ನಾನೇ ದಾಟಬೇಕು ಎಂದು ಒಗೆದ ಧೋತರ ಉಟ್ಟು, ಪೇಡೆಯ ಪುಡಿಕೆ ಹಿಡಿದು ಹೊರಟೆ. ಕಾಲು ನೀರಲ್ಲಿ ಇಡಬೇಕು, ಅಷ್ಟರಲ್ಲಿ ಅವರು ಪೆನ್ನು ಎತ್ತಿ ಕೇಳಿದರು.

"ಎಲ್ಲಿಗೆ ಹೋಗ್ತಾ ಇದ್ದೀರಿ, ಯಜಮಾನ್ರೆ?"

ಹೊರಟವರನ್ನು ಎಲ್ಲಿಗೆ ಎಂದು ಯಾರಾದರೂ ಕೇಳುತ್ತಾರೆಯೇ? ಕೇಳಿದರೆ ಹೋದ ಕೆಲಸ ಕೆಡುತ್ತದೆ. ನಮ್ಮಲ್ಲಿ ಕೇಳಲೇಬೇಕಾದರೆ ದೂರ ಹೊಂಟ್ರೇನು ಎನ್ನುತ್ತೇವೆ, ಹೊರಟವ ಇಲ್ಲೇ ಎನ್ನುತ್ತಾನೆ, ಅಲ್ಲಿಗೆ ಇಬ್ಬರಿಗೂ ಸಮಾಧಾನ. ಎಲ್ಲಿಗೆ ಎಂದು ಕೇಳಿಸಿಕೊಂಡವ ಮನೆಗೆ ತಿರುಗಿ ಬಂದು, ಕಾಲು ತೊಳೆದು, ನೀರು ಕುಡಿದು, ಸ್ವಲ್ಪ ಕುಳಿತು ಮತ್ತೆ ಹೊಸದಾಗಿ ಹೊರಡಬೇಕು. ಬೇರೆ ಕೆಲಸಕ್ಕಾದರೆ ನಾನು ನಡೆದುಬಿಡುತ್ತಿದ್ದೆನೋ ಏನೋ. ಕೂಸನ್ನು ನೋಡಲು ಹೊರಟವನು ಅಪಶಕುನ ಬೆನ್ನಿಗೆ ಕಟ್ಟಿಕೊಂಡು ಹೋಗುವುದುಂಟೇ? ಇಲ್ಲೇ ರೀ ಎಂದು ಹೇಳಿ ತಿರುಗಿ ಮನೆಗೆ ಬಂದೆ. ಕಾಲು ತೊಳೆದೆ, ನೀರು ಕುಡಿದೆ, ಕುಳಿತೆ, ಮತ್ತೆ ಹೋದೆ. ಮತ್ತೆ ಕೇಳಿದರು. ಅದೇ ಮಾತು, ಅದೇ ಮರ್ಯಾದೆ.

ಮೂರನೆಯ ಸಲ ಹೊರಟಾಗ ಹೊಟ್ಟೆಯಲ್ಲಿನ ನೀರು ಕೊಡದೊಳಗಿನ ನೀರಿನ ಹಾಗೆ ಸಪ್ಪಳ ಮಾಡುತ್ತಿತ್ತು.

ಬರಬರುತ್ತಾ ನಾನೊಬ್ಬನೇ ಅಲ್ಲ. ಹಿಟ್ಟಿನ ಗಿರಣಿಗೆ ಹೊರಟ ಹೆಂಗಸರು ಬುಟ್ಟಿ ಇಳಿಸಿ ತಿರುಗಿದರು. ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿ ಮಾರುತ್ತಿದ್ದ ಸಾಬರೊಬ್ಬರು ನಮ್ಮೂರಿಗೆ ವಾರಕ್ಕೊಮ್ಮೆ ಬರುತ್ತಿದ್ದರು, ಅವರೂ ಸೈಕಲ್ ತಿರುಗಿಸಿ ನಮ್ಮ ಕಟ್ಟೆಗೆ ಬಂದು ಒಂದು ತಂಬಿಗೆ ನೀರು ಕೊಡಿರೆಂದರು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಕಾಲಿಡಲು ಜಾಗವಿಲ್ಲ. ಎಲ್ಲರೂ ನೀರು ಕುಡಿಯುವವರೇ. ನನ್ನ ಹೆಂಡತಿ ಸೇದಿ ಸೇದಿ ಸಾಕಾಗಿ, ಇದೇನು ಪೂಲು ಕಟ್ಟುತ್ತಾರೋ ಬಾವಿ ಬರಿದು ಮಾಡುತ್ತಾರೋ ಎಂದು ಹಗ್ಗ ಒಗೆದಳು.

ಆಚೆಯಿಂದ ಬೀಗತಿ ತಲೆಯ ಮೇಲೆ ಮಜ್ಜಿಗೆಯ ಗಡಿಗೆ ಹೊತ್ತು ನಮ್ಮ ಮನೆಗೆ ಹೊರಟಿದ್ದರು. ಹಳ್ಳದ ನಟ್ಟನಡುವೆ ಬಂದಿದ್ದಾರೆ, ಕಚೇರಿಯವರು ಕುರ್ಚಿಯಿಂದ ಎದ್ದು ನಿಂತು, ಎಲ್ಲಿಗೆ ಹೋಗ್ತಾ ಇದ್ದೀರಿ ತಾಯಿ ಎಂದರು. ಬೀಗತಿ ನೀರಿನಲ್ಲೇ ಗರ್ರನೆ ತಿರುಗಿದರು. ಗಡಿಗೆ ತಿರುಗಲಿಲ್ಲ. ಆ ದಿನ ನಮ್ಮ ಹಳ್ಳದ ಮೀನಿಗೆಲ್ಲ ಮಜ್ಜಿಗೆ.

"ಅಲ್ರೀ ಯಪ್ಪಾ, ನಿಮ್ಮ ಕಡೆ ಇದೆಲ್ಲಾ ಇಲ್ಲೇನ್ರಿ?" ಎಂದು ನಾನು ಕಡೆಗೆ ತಡೆಯಲಾರದೆ ಕೇಳಿದೆ.

"ನಮ್ಮ ಕಡೆಯೂ ಇದೆ ಯಜಮಾನ್ರೆ. ಸರಕಾರದ ಕಾಗದದಲ್ಲಿ ಇಲ್ಲ." ಅವರು ಕಾಗದ ತಿರುಗಿಸಿ ತೋರಿಸಿದರು. ಹೊರಟಿದ್ದು ಎಲ್ಲಿಗೆ ಎಂದು ಅಚ್ಚು ಹಾಕಿದ್ದರು. ಅಚ್ಚಾದ ಮಾತನ್ನು ಕೇಳದೆ ಬಿಡುವ ಅಧಿಕಾರ ತಮಗಿಲ್ಲವೆಂದರು.

ಮಧ್ಯಾಹ್ನದ ಮೇಲೆ ಮಂದಿ ಬುದ್ಧಿ ಓಡಿಸಿದರು. ಬನ್ನಿ ಗಿಡದ ಕಡೆ ಹೋದರೆ ತಾನೇ ಕೇಳುವುದು? ಪಂಪಿನ ಮನೆಯ ಹಿಂದೆ ಹೋಗಿ, ಕಬ್ಬಿನ ಮರೆಯಲ್ಲಿ ಇಳಿದು, ಯಾರ ಕಣ್ಣಿಗೂ ಬೀಳದ ಹಾಗೆ ದಾಟತೊಡಗಿದರು. ನಾನೂ ಹಾಗೇ ದಾಟಿದೆ. ಮೊಮ್ಮಗಳನ್ನು ಕಣ್ತುಂಬ ನೋಡಿದೆ. ಅವಳಿಗೆ ಎರಡು ಹಲ್ಲು ಬಂದಿದ್ದವು, ಅವುಗಳಿಂದಲೇ ನನ್ನ ಬೆರಳು ಕಚ್ಚಿದಳು. ಆ ಸಂತೋಷದಲ್ಲಿ, ದಾಟಿದ್ದನ್ನು ಕುರ್ಚಿಯ ಮೇಲಿನವರು ನೋಡಲಿಲ್ಲವಲ್ಲ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ. ಅವರು ಅಲ್ಲಿ ಇದ್ದಷ್ಟು ದಿನವೂ ಹೀಗೇ ನಡೆಯಿತು. ಹೊರಡುವಾಗ, ಬಹಳ ಒಳ್ಳೆಯ ಊರು, ಮನೆ ಬಿಟ್ಟು ಯಾರೂ ಎಲ್ಲೂ ಹೋಗುವುದಿಲ್ಲ ಎಂದು ಹೊಗಳಿ ಹೋದರು.

ಪೂಲು ಆಗುವುದಿಲ್ಲವೆಂದು ಸುದ್ದಿ ಬಂತು. ನಾನು ರಾಯಬಾಗದ ಕಚೇರಿಗೆ ಹೋದೆ. ಅಲ್ಲಿನ ಇಂಜಿನಿಯರ್ ಸಾಹೇಬರು ನಮ್ಮ ಸೀಮೆಯವರೇ. ಬರ್ರಿ ಅಜ್ಜಾರ, ಕುಂದರ್ರಿ ಎಂದರು. ನನ್ನನ್ನು ಅಜ್ಜಾ ಎಂದು ಕರೆದ ಮೊದಲ ಅಧಿಕಾರಿ ಅವರು. ಜಗಳಾಡಲು ಕಟ್ಟಿಕೊಂಡು ಹೋದ ಮಾತುಗಳೆಲ್ಲ ಬಾಯಲ್ಲೇ ಕರಗಿದವು. ಹೌದ್ರಿ, ಹೆಣ್ಣು ಕೂಸು ರೀ, ಎರಡು ಹಲ್ಲು ಬಂದಾವ್ರಿ ಎಂದು ಸುರು ಮಾಡಿದೆ. ಸಾಹೇಬರು ಪಾಪ, ಹಲ್ಲಿನ ಸುದ್ದಿ ಪೂರ್ತಿ ಕೇಳಿಸಿಕೊಂಡು, ಆಮೇಲೆ ಗಾಳಿಯಲ್ಲಿ ಎರಡೂ ಕೈ ಚಾಚಿ ತಕ್ಕಡಿ ಮಾಡಿದರು.

ಎಡಗೈ ಖರ್ಚು: ಸಿಮೆಂಟು, ಕಬ್ಬಿಣ, ಕಲ್ಲು, ಕೂಲಿ. ಬಲಗೈ ಲಾಭ: ಸಾಗುವ ಮಾಲು, ನಡೆಯುವ ಮಂದಿ, ಶಾಲೆಗೆ ಹೋಗುವ ಮಕ್ಕಳು, ದವಾಖಾನೆಗೆ ಹೋಗುವವರು. ಸರಕಾರ ಯಾವ ಕೆಲಸ ಮಾಡುವುದಿದ್ದರೂ ಹೀಗೆ ತೂಗಿ ನೋಡಬೇಕು, ಇರುವುದು ಎಲ್ಲರ ದುಡ್ಡು, ಪೂಲು ಬೇಡುವ ಊರು ನಿಮ್ಮದೊಂದೇ ಅಲ್ಲ ಎಂದರು. ಆ ಮಾತು ನನಗೆ ಒಪ್ಪಿತವಾಯಿತು. ನಾವು ಎತ್ತು ಕೊಳ್ಳುವಾಗಲೂ ಹಾಗೇ ಅಲ್ಲವೇ? ಆದರೆ ನೋಡ ನೋಡುತ್ತಲೇ ಅವರ ಎಡಗೈ ಮೇಜಿಗೆ ಹೋಗಿ ಬಡಿಯಿತು. ಬಲಗೈ ಮೇಲಕ್ಕೆ ಹೋಗಿ ಫ್ಯಾನಿಗೆ ತಾಗುವುದೊಂದು ಬಾಕಿ.

"ನಿಮ್ಮ ಹಳ್ಳಾ ಯಾರೂ ದಾಟೂದಿಲ್ಲ ಅಜ್ಜಾರ. ದಂಡಿಗೆ ಬರ್ತಾರ, ನೀರ ನೋಡ್ತಾರ, ತಿರುಗಿ ಮನಿಗೆ ಹೋಗ್ತಾರ ಅಂತ ಬರದು ಕೊಟ್ಟಾರ. ನಾಳೆ ಪೂಲ ಕಟ್ಟಿದ್ರ, ಪೂಲ ನೋಡಿ ತಿರುಗಿ ಹೋಗಾವ್ರೇನು?"

ಆಗ ನಾನು ನಡೆದದ್ದನ್ನೆಲ್ಲ ಹೇಳಿದೆ. ಎಲ್ಲಿಗೆ ಎಂದು ಕೇಳಿದ್ದು, ಕಟ್ಟೆ ತುಂಬಿದ್ದು, ಬಾವಿಯ ಹಗ್ಗ, ಬೀಗತಿಯ ಮಜ್ಜಿಗೆ. ಸಾಹೇಬರು ನಗಲಿಕ್ಕೆ ಹತ್ತಿದರು. ಬಾಗಿಲಲ್ಲಿ ನಿಂತಿದ್ದ ಸಿಪಾಯಿಯೂ ನಕ್ಕ. ತಮ್ಮ ತಾಯಿ ಇವತ್ತು ಮುಂಜಾನೆ ಇದೇ ಕಾರಣಕ್ಕೆ ಮನೆಗೆ ತಿರುಗಿ ಬಂದು ನಿಪ್ಪಾಣಿ ಬಸ್ಸು ತಪ್ಪಿಸಿಕೊಂಡರು, ಎಲ್ಲಿಗೆ ಎಂದು ಕೇಳಿದವರು ತಾವೇ ಎಂದು ಹೇಳಿ ಸಾಹೇಬರು ಕಣ್ಣು ಒರೆಸಿಕೊಂಡರು.

ನಗು ನಿಂತ ಮೇಲೆ ನಾನು ಬಂದ ಕೆಲಸದ ಮಾತು ಎತ್ತಿದೆ. "ಸಾಹೇಬ್ರ, ಈ ತಕ್ಕಡ್ಯಾಗ ನನ್ನ ಮೊಮ್ಮಗಳು ಯಾವ ಕೈಯಾಗ ಬರ್ತಾಳ್ರಿ?"

"ಆಕಿ ಏನು ಮಾಲು ಸಾಗಸ್ತಾಳ್ರಿ?"

"ಸದ್ಯ ಏನೂ ಇಲ್ರಿ. ಕೈಗೆ ಸಿಕ್ಕಿದ್ದೆಲ್ಲಾ ಬಾಯಾಗ ಸಾಗಸ್ತಾಳ."

ಅದಕ್ಕೆ ಕಾಗದದಲ್ಲಿ ಜಾಗವಿಲ್ಲವೆಂದರು. ಜಾಗವಿಲ್ಲದಿದ್ದರೆ ಬಿಡಿ, ಆದರೆ ನನಗೆ ಆ ತಕ್ಕಡಿಯ ಮೇಲೆ ಸಿಟ್ಟೇನೂ ಬರಲಿಲ್ಲ. ಅವರು ಒಂದು ಕೈಯಲ್ಲಿ ಸಿಮೆಂಟಿನ ಗುಡ್ಡವನ್ನೇ ಇಟ್ಟರೂ ನಾನು ಇನ್ನೊಂದರಲ್ಲಿ ಅವಳ ಒಂದು ಹಲ್ಲು ಇಟ್ಟರೆ ನನ್ನ ಕಡೆಯೇ ಇಳಿಯುತ್ತಿತ್ತು. ಅದು ನನ್ನ ಮನೆಯ ತಕ್ಕಡಿ, ಇದು ಎಲ್ಲರ ಮನೆಯದು. ಕಬ್ಬಿನ ಕಟಾವು ಸುರುವಾದ ಮೇಲೆ ಇನ್ನೊಮ್ಮೆ ನೋಡಲು ಕಳಿಸುತ್ತೇನೆ, ಈ ಸಲ ದಾಟಿ ತೋರಿಸಿರಿ ಎಂದು ಸಾಹೇಬರು ಮಾತು ಕೊಟ್ಟರು.

ಎರಡನೆಯ ಸಲವೂ ಆ ಮೈಸೂರು ಸೀಮೆಯವರೇ ಬಂದರು, ಅದೇ ಕೊಡೆ, ಅದೇ ಕಾಗದ. ನಾನು ಮೊದಲೇ ಉಪಾಯ ಮಾಡಿ ಇಟ್ಟಿದ್ದೆ. ಕುರ್ಚಿಯನ್ನು ಆಚೆ ದಂಡೆಗೆ ಹೊತ್ತೊಯ್ದೆ. ದಾಟಿ ಬಂದು ನಿಂತವರನ್ನು ಎಲ್ಲಿಂದ ಬಂದ್ರಿ ಎಂದು ಕೇಳಿರಿ, ಅದಕ್ಕೆ ದೋಷವಿಲ್ಲ, ನಿಮ್ಮ ಎಲ್ಲಿಗೆ ಎನ್ನುವ ಜಾಗದಲ್ಲಿ ಅವರು ನಿಂತ ದಂಡೆಯನ್ನೇ ಬರೆಯಿರಿ ಎಂದೆ. ಅವರು ಬಹಳ ಹೊತ್ತು ಕಾಗದ ನೋಡಿ, ಅಡ್ಡಿಯಿಲ್ಲ ಎಂದರು.

ಎಲ್ಲಿಂದ ಬಂದಿರಿ ಎಂದು ನಮ್ಮ ಮಂದಿಯನ್ನು ಕೇಳಿದರೆ ಏನಾಗುತ್ತದೆ ಎಂದು ನಾನು ವಿಚಾರ ಮಾಡಿರಲಿಲ್ಲ. ಕೇಳಿಸಿಕೊಂಡವರು ಕುಳಿತೇ ಬಿಡುತ್ತಿದ್ದರು. ಒಬ್ಬ ಮುದುಕಿ ತಾನು ಕಾಗವಾಡದಿಂದ ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ಹೇಳತೊಡಗಿದಳು. ಅವಳ ಹಿಂದೆ ಗಾಡಿಗಳು, ಗಾಡಿಗಳ ಹಿಂದೆ ಎಮ್ಮೆಗಳು, ಎಲ್ಲ ನೀರಿನಲ್ಲೇ ಸಾಲುಗಟ್ಟಿ ನಿಂತವು. ಪಾಪ, ಅವರು ಅವಳ ಮದುವೆಯ ಊಟದವರೆಗೆ ಬರೆದುಕೊಂಡು, ಆಮೇಲೆ ಪೆನ್ನು ನಿಲ್ಲಿಸಿದರು.

ಅದಕ್ಕಿಂತ ದೊಡ್ಡ ತೊಡಕು ಬೀಗತಿ. ಕುರ್ಚಿ ಈಗ ಅವರ ದಂಡೆಗೆ ಬಂದಿತ್ತಲ್ಲ, ಕುರ್ಚಿಯಲ್ಲಿ ಕುಳಿತವರು ಅವರ ಮನೆಗೆ ಬಂದವರ ಲೆಕ್ಕ. ಬಂದವರನ್ನು ಹಾಗೇ ಬಿಸಿಲಲ್ಲಿ ಕೂಡಿಸಿದರೆ ಬೀಗರ ಮುಂದೆ ಮರ್ಯಾದೆ ಏನು ಉಳಿಯಿತು? ಮುಂಜಾನೆ ಚುರಮುರಿ ಚಹಾ ಕಳಿಸಿದರು. ಮಧ್ಯಾಹ್ನ ಕೈಹಿಡಿದು ಎಬ್ಬಿಸಿ ಒಯ್ದು ಹೋಳಿಗೆ, ತುಪ್ಪ, ಕಟ್ಟಿನ ಸಾರು ಬಡಿಸಿದರು. ಸಾಕು, ತಾಯಿ ಎಂದರೆ ಅವರ ಮನೆಯಲ್ಲಿ ಇನ್ನೊಂದು ಹಾಕಿ ಎಂದು ಹೇಳಿದ ಹಾಗೆ. ಉಂಡ ಕಚೇರಿಯವರು ತೂರಾಡಿಕೊಂಡು ಬಂದು ಕುರ್ಚಿಯಲ್ಲಿ ಕುಳಿತರು. ಕುಳಿತವರು ಕುಳಿತಲ್ಲೇ ನಿದ್ದೆ ಹೋದರು. ಆ ಹೊತ್ತಿಗೆ ಸರಿಯಾಗಿ ಕಬ್ಬಿನ ಗಾಡಿಗಳು, ಶಾಲೆ ಬಿಟ್ಟ ಮಕ್ಕಳು, ಸಂತೆಯಿಂದ ತಿರುಗಿದ ಮಂದಿ, ಎಲ್ಲರೂ ಅವರ ಮೂಗಿನ ಮುಂದೆಯೇ ದಾಟಿ ಹೋದರು. ನಿದ್ದೆಯಲ್ಲಿದ್ದವರನ್ನು ಎಬ್ಬಿಸುವುದು ಪಾಪ ಎಂದು ಚಕ್ರದ ಸಪ್ಪಳವೂ ಆಗದ ಹಾಗೆ ದಾಟಿದರಂತೆ.

ನಾನು ಮೊಮ್ಮಗಳ ಹತ್ತಿರ ಇದ್ದೆ, ಹೊರಗೆ ಬಂದು ನೋಡಿದರೆ ಹೀಗೆ. ಇನ್ನೊಂದು ಮಳೆಗಾಲ ನಾನು ಈಚೆ ನಿಂತು ಕುಣಿಯುವುದೇ? ಅವರನ್ನು ಎಬ್ಬಿಸಿದೆ, ದಾಟಿದ್ದನ್ನು ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ ಎಂದು ಒಂದೇ ಮಾತು ಹೇಳಿದರು. ಹೋಳಿಗೆ ಉಂಡಿದ್ದಾರೆಂದು ಸುಳ್ಳು ಬರೆಯುವವರಲ್ಲ.

ಬೀಗತಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ನಿದ್ದೆ ಬರುವ ಹಾಗೆ ಬಡಿಸಿದವಳು ನಾನು, ಮತ್ತೆ ದಾಟಿಸುವವಳೂ ನಾನೇ ಎಂದು ಹೊರಟರು. ಮುಂದೆ ಹೋದ ಗಾಡಿಗಳನ್ನು ಬೈದು ನಿಲ್ಲಿಸಿದರು, ಬೈದು ತಿರುಗಿಸಿದರು. ಗಾಡಿಗಳು ತಿರುಗಿ ಈಚೆಗೆ ಬಂದು ಮತ್ತೆ ಆಚೆಗೆ ದಾಟಿದವು. ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಟ ಬೇಕೇ? ಮುದುಕಿ ಮತ್ತೆ ದಾಟಿ ಬಂದು, ಮದುವೆಯ ಊಟದ ಮುಂದಿನದನ್ನು ಹೇಳಲು ಕುಳಿತಳು. ನಮ್ಮ ಎಮ್ಮೆಯೊಂದೇ ಎರಡನೆಯ ಸಲ ದಾಟಲು ಒಪ್ಪದೆ ನಡುನೀರಲ್ಲಿ ಮಲಗಿತು. ಅವರು ಎಲ್ಲವನ್ನೂ ಕಂಡರು, ಕಂಡದ್ದನ್ನು ಒಂದೊಂದು ಸಲವೇ ಬರೆದರು. ಎಮ್ಮೆಯನ್ನು ಬರೆಯಲಿಲ್ಲ, ದಾಟಿದ್ದು ಪೂರ್ತಿಯಾಗಿಲ್ಲ ಎಂದರು.

ಕೆಲವು ವಾರಗಳ ಮೇಲೆ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಹಳ್ಳದ ದಂಡೆಗೇ ಬಂದರು. ಈ ಸಲ ಬಲಗೈ ಇಳಿದಿದೆ, ಆದರೆ ಪೂರ್ತಿ ಇಳಿದಿಲ್ಲ ಎಂದರು. ಎತ್ತರದ ಪೂಲು ಕಟ್ಟಬೇಕಾದರೆ ಖರ್ಚು ಬಹಳ, ಅದರ ಕಾಗದ ಬೆಂಗಳೂರಿಗೆ ಹೋಗಬೇಕು, ಒಪ್ಪಿಗೆ ಬರುತ್ತದೆಯೋ ಇಲ್ಲವೋ ಹೇಳಲಾಗದು. ತಗ್ಗಿನ ಪೂಲಾದರೆ, ಕೆಳಗೆ ಸಿಮೆಂಟಿನ ಪೈಪು ಇಟ್ಟು ಮೇಲೆ ಕಾಂಕ್ರೀಟು ಹಾಸುವಂಥದ್ದು, ಈ ಬೇಸಿಗೆಯಲ್ಲೇ ಆಗುತ್ತದೆ. ಜೋರು ಮಳೆ ಬಂದು ಹಳ್ಳ ತುಂಬಿದಾಗ ಮಾತ್ರ ಅದರ ಮೇಲೆ ನೀರು ಹೋಗುತ್ತದೆ, ಆಗ ದಾಟಲು ಬರುವುದಿಲ್ಲ.

ದಂಡೆಗೆ ಕೂಡಿದ್ದ ಊರ ಹಿರಿಯರಿಗೆ ಎತ್ತರದ್ದೇ ಬೇಕು. ಪಕ್ಕದ ಊರಲ್ಲಿ ಎತ್ತರದ್ದಿದೆ, ನಮ್ಮದು ತಗ್ಗು ಎಂದರೆ ಮುಖ ಎಲ್ಲಿಡುವುದು ಎಂದರು. ಮೊಮ್ಮಗಳು ಆಗಲೇ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಬೆಂಗಳೂರಿನ ಕಾಗದ ಬರುವ ಹೊತ್ತಿಗೆ ಅವಳು ಓಡುತ್ತಾಳೆ, ಶಾಲೆಗೆ ಹೋಗುತ್ತಾಳೆ, ಮುತ್ಯಾ ಯಾರೆಂದು ಕೇಳುತ್ತಾಳೆ. ತಗ್ಗಿನದೇ ಇರಲಿ ಎಂದು ನಾನು ಅಂದರೆ, ನಿನ್ನ ಮೊಮ್ಮಗಳ ಸಲುವಾಗಿ ಊರಿಗೆ ಗಿಡ್ಡ ಪೂಲೇನೋ ಎಂದು ಎಲ್ಲರೂ ಮೈಮೇಲೆ ಬಿದ್ದರು. ಅದೂ ಸುಳ್ಳಲ್ಲ. ಹಳ್ಳ ತುಂಬಿದ ನಾಲ್ಕು ದಿನ ದಾಟಲು ಬರದಿದ್ದರೆ ನಿಮಗೇನು ಲುಕ್ಸಾನು ಹೇಳಿರಿ, ಅದನ್ನೂ ತೂಗೋಣ ಎಂದು ಸಾಹೇಬರು ಕೇಳಿದರು.

ಬೀಗತಿ ಮುಂದೆ ಬಂದರು.

"ತಗ್ಗಿಂದ ಕಟ್ರಿ ಸಾಹೇಬ್ರ. ಹಳ್ಳಾ ತುಂಬಿದ ನಾಕ ದಿನ ಈ ಬೀಗರು ನಮ್ಮ ಮನಿಗಿ ಬರೂದಿಲ್ಲಲಾ, ಅದನ್ನ ಲಾಭದಾಗ ಹಿಡೀರಿ."

ಹಿರಿಯರು ನಕ್ಕರು, ಜೀಪಿನ ಡ್ರೈವರು ನಕ್ಕ. ನಗುವಿನಲ್ಲೇ ತಗ್ಗಿನದು ಎಂದು ನಿಶ್ಚಯವಾಗಿಹೋಯಿತು. ಬೀಗತಿ ನನ್ನ ಕಡೆ ನೋಡದೆ ಸೆರಗು ಸರಿಮಾಡಿಕೊಂಡು ಮನೆಗೆ ನಡೆದರು. ನಾನು ಆ ಹೆಂಗಸಿನ ದ್ರಾಕ್ಷಿಗೆ ಆ ವರ್ಷ ಏನೂ ಅನ್ನಲಿಲ್ಲ.

ಬೇಸಿಗೆಯಲ್ಲಿ ಪೂಲು ಕಟ್ಟಿದರು. ನಾನು ದಿನಾ ಹೋಗಿ ಅಡ್ಡ ನಿಲ್ಲುತ್ತಿದ್ದೆ, ಕಟ್ಟುವ ಗೌಂಡಿಗಳು ದಿನಾ ಸರಿಸುತ್ತಿದ್ದರು. ಪೂಲಿಗೆ ನೀರು ಹೊಡೆದು ಹೊಡೆದು ಗಟ್ಟಿಯಾಗುವ ಹೊತ್ತಿಗೆ ನಮ್ಮ ಮೊಮ್ಮಗಳೂ ಗಟ್ಟಿಯಾದಳು, ನಡೆಯಲು ಕಲಿತಳು. ಅಥಣಿಗೆ ಹೋದವನು ಅವಳಿಗೆ ಅಂಗೈಯಷ್ಟರ ಕೆಂಪು ಚಪ್ಪಲಿ ತಂದೆ. ಮೊದಲ ಮಳೆ ಬಿದ್ದು ನಿಂತ ಸಂಜೆ, ಪೈಪಿನೊಳಗೆ ನೀರು ಗುಳುಗುಳು ಹರಿಯುತ್ತಿತ್ತು, ಮೇಲೆ ಪೂಲು ಒಣಗಿ ಬೆಳ್ಳಗೆ ಕಾಣುತ್ತಿತ್ತು. ಮಗಳು ಕೂಸಿಗೆ ಚಪ್ಪಲಿ ಹಾಕಿ, ಪೂಲಿನ ನಟ್ಟನಡುವೆ ತಂದು ನಿಲ್ಲಿಸಿ, ತಾನು ಪಕ್ಕಕ್ಕೆ ಸರಿದು ನಿಂತಳು. ಈಚೆ ತುದಿಯಲ್ಲಿ ನಾನು ಪೇಡೆ ಹಿಡಿದು ಕುಕ್ಕರಗಾಲಲ್ಲಿ ಕುಳಿತೆ. ಆಚೆ ತುದಿಯಲ್ಲಿ ಬೀಗತಿ ಮುಷ್ಟಿ ತುಂಬ ಮಣೂಕ ಹಿಡಿದು ಕುಳಿತರು, ಅವರದೇ ತೋಟದ ಒಣದ್ರಾಕ್ಷಿ. ನಾನು ಬಾ ಎಂದೆ. ಅವರು ಅದಕ್ಕಿಂತ ಜೋರಾಗಿ ಬಾ ಎಂದರು.

ಮೊಮ್ಮಗಳು ನನ್ನ ಕಡೆ ನೋಡಿದಳು. ಅವಳ ಅಜ್ಜಿಯ ಕಡೆ ನೋಡಿದಳು. ಆಮೇಲೆ ಅಲ್ಲೇ ಕುಳಿತು, ಚಪ್ಪಲಿ ಕಳೆದು, ಒಂದನ್ನು ನೀರಿಗೆ ಒಗೆದಳು. ಅದು ತೇಲಿ ಹೋಗುವುದನ್ನು ಬಗ್ಗಿ ನೋಡುತ್ತ ಕೈ ಬಡಿದಳು. ನಾವಿಬ್ಬರೂ ಎರಡೂ ಕಡೆಯಿಂದ ಓಡಿದೆವು. ಯಾರು ಮೊದಲು ಮುಟ್ಟಿದರು ಎನ್ನುವುದರ ಬಗ್ಗೆ ಇವತ್ತಿಗೂ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಅವಳನ್ನು ಎತ್ತಿಕೊಳ್ಳಲು ಹೋದರೆ ಕಾಲು ಝಾಡಿಸಿ ಅತ್ತಳು. ಕಡೆಗೆ ಆ ಕಡೆ ಒಬ್ಬರು ಈ ಕಡೆ ಒಬ್ಬರು ಅವಳ ಪಕ್ಕದಲ್ಲೇ ಕುಳಿತೆವು. ಅವಳು ನನ್ನ ಪೇಡೆ ಬೀಗತಿಗೆ ತಿನ್ನಿಸಿದಳು, ಬೀಗತಿಯ ಮಣೂಕ ನನ್ನ ಬಾಯಿಗೆ ತುರುಕಿದಳು. ಸಿಹಿ ಇತ್ತು ಎಂದು ನಾನು ಹೇಳಲಿಲ್ಲ.

ಹೊಲದಿಂದ ಗಾಡಿಯೊಂದು ಬಂದು ಪೂಲಿನ ತುದಿಗೆ ನಿಂತಿತು. ಗಾಡಿಯವ ಕಾದ, ಕೆಮ್ಮಿದ, ಎತ್ತಿನ ಗೆಜ್ಜೆ ಅಲುಗಿಸಿದ.

"ಏನ್ರೀ ಹಿರ್ಯಾರ, ಸರಕಾರದವ್ರು ಪೂಲ ಕಟ್ಟಿದ್ದು ದಾಟಾಕೋ, ಕುಂದ್ರಾಕೋ?"

"ಸದ್ಯ ಕುಂದ್ರಾಕ," ಎಂದೆ.

ಬೀಗತಿ ಮೊದಲ ಸಲ ನನ್ನ ಮಾತಿಗೆ ಹೂಂಗುಟ್ಟಿದರು. ಗಾಡಿಯವ ನೊಗ ಇಳಿಸಿ ಎತ್ತುಗಳನ್ನು ನೀರಿಗೆ ಬಿಟ್ಟು, ತಾನೂ ಬಂದು ಕುಳಿತು ಮಣೂಕಕ್ಕೆ ಕೈ ಒಡ್ಡಿದ. ಮೊಮ್ಮಗಳು ಅವನ ಅಂಗೈ ತಿರುಗಿಸಿ ತಿರುಗಿಸಿ ನೋಡಿ, ಅದರಲ್ಲಿ ತನ್ನ ಉಳಿದ ಇನ್ನೊಂದು ಚಪ್ಪಲಿ ಇಟ್ಟಳು.